ಒಂದರ ಬದಲು ಲಾಭ

ಸೇಲಂ, 9-8-1994

ಅವ್ವಾ, ಕಾರ್ಡು ಸಣ್ಣದು, ನಮಸ್ಕಾರ ದೊಡ್ಡದು.

ಮೇನಕಾಳನ್ನು ಕಾಲೇಜು ಬಿಡಿಸಿ ಮಾರಂಡಹಳ್ಳಿಗೆ ಕರೆತರಲು ಬಂದವನು ನಾನು. ಅದಾಗಲಿಲ್ಲ. ಇಲ್ಲಿ ಗಣಿತ ಓದುವವರೂ ಕಥೆ, ಚರಿತ್ರೆ, ಊರಿನ ಪದ್ಧತಿ ಎಲ್ಲ ಓದಿ ಬರೆಯಬೇಕಂತೆ. ಆ ಪೇಪರಿನಲ್ಲಿ ಫೇಲಾದರೆ ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಡಿಗ್ರಿ ಇಲ್ಲ. ನಿನ್ನ ಮೊಮ್ಮಗಳು ಎರಡು ಸಲ ಫೇಲಾಗಿ ಅಳುತ್ತಿದ್ದುದು ಇದಕ್ಕೇ.

"ಟೊಮೇಟೊ ತೂಗೋನ ಮಗಳಿಗೆ ಪದ್ಯ ಯಾಕೆ ಮೇಡಂ?" ಎಂದು ಆ ಪೇಪರಿನ ಪಾಠ ಮಾಡುವವರನ್ನು ಕೇಳಿಯೇಬಿಟ್ಟೆ. ಮೇಡಂ ನಕ್ಕು, ಈ ತಿಂಗಳ ಟೆಸ್ಟಿನ ಪೇಪರು ತೋರಿಸಿದರು. ನಿಮ್ಮ ಮನೆಯ ಪದ್ಧತಿಯೊಂದನ್ನು ಬರೆಯಿರಿ ಅಂತ ಪ್ರಶ್ನೆ. ಇವಳು ನೀನು ರಾಗಿ ಅಳೆಯುವುದನ್ನು ಬರೆದಿದ್ದಾಳೆ. ಮೊದಲ ಸೇರಿಗೆ ಒಂದು ಅನ್ನದೆ "ಲಾಭ" ಅನ್ನುತ್ತೀಯಲ್ಲ, ಅದನ್ನು. ಒಂದನೇ ಕ್ಲಾಸಿನಲ್ಲಿ "ಲಾಭ, ಎರಡು, ಮೂರು" ಎಂದು ಎಣಿಸಿ ಮೇಷ್ಟರ ಕೈಲಿ ಏಟು ತಿಂದದ್ದನ್ನೂ ಬಿಟ್ಟಿಲ್ಲ. ಐವತ್ತಕ್ಕೆ ನಲವತ್ತೊಂದು ಕೊಟ್ಟಿದ್ದಾರೆ!

ನಾನು ಹೊತ್ತಿದ್ದ ಅವಳ ಪೆಟ್ಟಿಗೆ ಮತ್ತೆ ಹಾಸ್ಟೆಲಿಗೆ ಹೋಯಿತು. "ಕೆಳಗಿಕ್ಕಪ್ಪಾ, ನಾನ್ ಬರಾಕಿಲ್ಲ. ನವೆಂಬರ್ ಪರೀಕ್ಷೆ ಪಾಸ್ ಮಾಡೇ ಮಾಡ್ತೀನಿ" ಅಂದಳು.

ಒಂದನ್ನು ಲಾಭ ಅನ್ನುವುದು ಯಾಕೆ ಅಂತ ಮೇಡಂ ನನ್ನನ್ನು ಕೇಳಿದರು. ಇಪ್ಪತ್ತು ವರ್ಷ ಸಂತೆಯಲ್ಲಿ ಹಾಗೇ ಎಣಿಸಿದವನು ನಾನು, ಅವ್ವನನ್ನು ಕೇಳಿ ಬರೆಯುತ್ತೇನೆ ಅಂದೆ. ಉತ್ತರ ಯೋಚಿಸಿಡು.

ನಿನ್ನ ಮಂಡಿನೋವಿಗೆ ಎಣ್ಣೆ ಕೊಂಡಿದ್ದೇನೆ. ಶನಿವಾರ ಬರುತ್ತೇನೆ, ಒಬ್ಬನೇ.

ಮಾದಪ್ಪ