ಜಗಲಿಯ ಮೇಲೆ ಹಾಡಿಸಿದ ಪರೀಕ್ಷೆ

ಬಿಳಿಗೆರೆ,
ಜೂನ್ ೧೪, ೨೦೨೫

ಪ್ರೀತಿಯ ಭಾನು,

ನಿನ್ನ ಮಂಡಿನೋವು ಹೇಗಿದೆ? ತೋಂಟದಾರ್ಯ ಭಾವನವರು ಸಕ್ಕರೆ ಕಾಯಿಲೆಯ ಮಾತ್ರೆ ತಾವಾಗಿ ನುಂಗುತ್ತಾರಾ, ಇಲ್ಲ ಇನ್ನೂ ನೀನೇ ಬೆನ್ನು ಹತ್ತಬೇಕಾ? ಚಿಕ್ಕನಾಯಕನಹಳ್ಳಿಗೆ ಬಸ್ಸು ಹತ್ತಿದರೆ ಬಂದೇಬಿಡಬಹುದು, ಆದರೂ ಅಣ್ಣ ಕಾಗದ ಬರೆಯುತ್ತಿದ್ದಾನೆಂದು ನಗಬೇಡ. ಫೋನಿನಲ್ಲಿ ನನಗೀಗ ಮಾತು ಸರಿಯಾಗಿ ಕೇಳಿಸುವುದಿಲ್ಲ. ಎದುರಿಗೆ ಬಂದು ಹೇಳುವ ಧೈರ್ಯವೂ ಇಲ್ಲ.

ಯೂನಿವರ್ಸಿಟಿಗೆ ರಜೆ ಹಾಕಿ ಊರಿಗೆ ಬಂದಿದ್ದೇನೆ. ಇಪ್ಪತ್ತೈದು ವರ್ಷ ಸಂಗೀತಶಾಸ್ತ್ರ ಪಾಠ ಮಾಡಿದವನು, ಶ್ರುತಿಯ ಮೇಲೆ ಎರಡು ದಪ್ಪ ಪುಸ್ತಕ ಬರೆದವನು ನಾನು. ಹೋದ ತಿಂಗಳು ಕ್ಲಾಸಿನಲ್ಲಿ ಸ್ಪಂದನ ಎಂಬ ಹುಡುಗಿ ಹಾಡುವಾಗ ಗಾಂಧಾರ ಇಳಿಯಿತೆಂದು ತಡೆದೆ. "ಇಲ್ಲ ಸರ್, ಸರಿಯಾಗೇ ಇದೆ" ಎಂದು ಅವಳು ಮೊಬೈಲಿನಲ್ಲಿ ಅಳೆದು ತೋರಿಸಿದಳು. ಗದರಿಸಿ ಕೂರಿಸಿದೆ. ಮಾರನೇ ದಿನ ಕಿವಿಯ ಡಾಕ್ಟರ ಹತ್ತಿರ ಹೋದೆ. ಬಲಗಿವಿಗೆ ಸ್ವರ ಇಳಿದು ಕೇಳಿಸುತ್ತದಂತೆ. ಕೆಲಸಕ್ಕೆ ಸೇರಿದ ವರ್ಷ ಮಂಗನಬಾವು ಬಂದಿತ್ತಲ್ಲ, ಆಗಿನಿಂದಲೇ ಇರಬೇಕು ಎಂದರು. ನಿನ್ನೆ ಅಟ್ಟ ಹತ್ತಿ, ಒಣಗಿ ಗಿಟುಕಾದ ತೆಂಗಿನಕಾಯೊಂದನ್ನು ಎರಡೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ. ಒಳಗಿನ ಕೊಬ್ಬರಿ ಒಂದೊಂದು ಕಿವಿಗೆ ಒಂದೊಂದು ಥರ ಸದ್ದು ಮಾಡಿತು. ಅಲ್ಲೇ ಕೂತು ಅತ್ತೆ.

ಮಂಗನಬಾವು ಬಂದುಹೋದ ಮೇಲಿನ ಬೇಸಿಗೆಯಲ್ಲೇ ಅಲ್ಲವೇ, ಅಪ್ಪ ನಿನ್ನನ್ನು ಜಗಲಿಯ ಮೇಲೆ ಶ್ರುತಿಪೆಟ್ಟಿಗೆಯ ಮುಂದೆ ಕೂರಿಸಿ, ಮೈಸೂರಿಗೆ ಸಂಗೀತ ಕಲಿಯಲು ಕಳಿಸೋಣವೇ ಎಂದು ನನ್ನನ್ನು ಕೇಳಿದ್ದು? ನಿನಗಾಗ ಹದಿನೇಳು. ನಾನು ಹೇಳಿದ್ದು ನನಗೂ ನೆನಪಿದೆ, ನಿನಗೂ ಇದೆ: "ಬುಡಪ್ಪ, ಇವಳಿಗೆ ಶ್ರುತಿ ನಿಲ್ಲಲ್ಲ." ಲೆಕ್ಚರರ್ ಮಗ ಹೇಳಿದ ಮೇಲೆ ಅಪ್ಪ ಇನ್ಯಾರನ್ನೂ ಕೇಳಲಿಲ್ಲ. ನೀನು ಮಕ್ಕಳಿಗೆ ಜೋಗುಳ ಕೂಡ ಹಾಡಲಿಲ್ಲವೆಂದು ಭಾವನವರು ಒಮ್ಮೆ ಹೇಳಿದಾಗ ನಾನು ನಕ್ಕು ಮಾತು ಮರೆಸಿದ್ದೆ. ಅಂದು ನನ್ನ ಕಿವಿ ಸರಿಯಾಗಿ ಕೇಳಿಸಿಕೊಂಡಿತ್ತೋ ಇಲ್ಲವೋ, ಈಗ ಹೇಳುವವರು ಯಾರು?

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೀನು ತಣ್ಣಗಿರು.

ನಿನ್ನ ಅಣ್ಣ,
ಶಿವಣ್ಣ

ತಾ.ಕ.: ಹೇಳುವವರು ಯಾರು ಎಂದು ಬರೆದದ್ದು ಸುಳ್ಳು. ಅಂದು ನಿನ್ನ ಹಾಡನ್ನು ಟೇಪು ಮಾಡಿಕೊಂಡಿದ್ದೆ. ಶ್ರುತಿ ತಪ್ಪಿದರೆ ಹೇಗಿರುತ್ತದೆಂದು ತೋರಿಸಲು, ನಿನ್ನ ಹೆಸರು ಹೇಳದೆ, ಪ್ರತಿವರ್ಷ ಅದನ್ನೇ ಕ್ಲಾಸಿನ ಮಕ್ಕಳಿಗೆ ಕೇಳಿಸುತ್ತಿದ್ದೆ. ಹೋದ ವಾರ ಕಂಪ್ಯೂಟರಿನಲ್ಲಿ ಮೂರು ಸಲ ಅಳೆದೆ. ನೀನು ಎಲ್ಲೂ ಶ್ರುತಿ ಬಿಟ್ಟಿಲ್ಲ, ತಾಯಿ.