ಒಬ್ಬಳಿಗೆ ಇಷ್ಟು ದೊಡ್ಡ ಮನೆ

ಮಾರ್ಚ್ 4, ಸೋಮವಾರ

ಇವತ್ತು ಎರಡು ರೂಟ್ ಕೆನಾಲ್, ಒಂದು ಬುದ್ಧಿಹಲ್ಲು. ಬುದ್ಧಿಹಲ್ಲಿನವನು ಕೀಳುವಾಗ ಅತ್ತ. ಕಿತ್ತ ಮೇಲೆ ಕಣ್ಣೊರೆಸಿಕೊಂಡು ಕೇಳಿದ — ಡಾಕ್ಟರೇ, ಹಳೇ ಪೇಟೇಲಿ ಮನೆ ನೋಡ್ತಿದ್ದೀರಂತೆ, ಒಬ್ಬರಿಗೆ ಅಷ್ಟು ದೊಡ್ಡದು ಯಾಕೆ? ಬಾಯಿ ತುಂಬ ಹತ್ತಿ ತುರುಕಿದ್ದೆ. ಆದರೂ ಒಂದಕ್ಷರ ತಪ್ಪಲಿಲ್ಲ.

ಸಂಜೆ ಬ್ರೋಕರ್ ಜೊತೆ ಹೋಗಿ ಬಂದೆ. ಎರಡನೇ ಮಹಡಿ. ಮುನ್ನೂರು ವರ್ಷದ ಕಟ್ಟಡ. ಬೀದಿಯಿಂದ ಕಲ್ಲಿನ ಸುರುಳಿ ಮೆಟ್ಟಿಲು, ಭುಜ ಓರೆ ಮಾಡಿಕೊಂಡೇ ಹತ್ತಬೇಕು. ಒಳಗೆ ಕಾಲಿಟ್ಟರೆ... ಎಂಥ ಹಾಲ್! ಮೂರು ಕಿಟಕಿ, ನಡುವಿನದು ಹೆಬ್ಬಾಗಿಲಿನಷ್ಟು. ಎರಡು ಕೋಣೆ. ದೊಡ್ಡ ಕೋಣೆಗೆ ಒಳಗಿನಿಂದ ಹಿತ್ತಾಳೆಯ ಚಿಲಕ. ಹಾಕಿ ನೋಡಿದೆ, ತೆಗೆದೆ, ಮತ್ತೆ ಹಾಕಿದೆ. ಬ್ರೋಕರ್ ಹೊರಗೆ ನಿಂತು ಕೆಮ್ಮಿದ.

ಕೆಳಗೆ ಬೀದಿ ಜಾತ್ರೆ. ಚಪ್ಪಲಿ ಹೊಲಿಯುವವನು, ಹಣ್ಣಿನ ಗಾಡಿ, ಕಾಫಿ ಅಂಗಡಿಯ ಮುಂದೆ ಒಬ್ಬ ಪಿಟೀಲು ಕುಯ್ಯುತ್ತಿದ್ದ. ಗದ್ದಲ ಸ್ವಲ್ಪ ಜಾಸ್ತಿ ಮೇಡಂ ಎಂದ ಬ್ರೋಕರ್. ಇರಲಿ. ಆ ಗದ್ದಲದಲ್ಲಿ ಯಾರೂ ‘ಅಕ್ಕಾ, ಇಸ್ತ್ರಿ ಪೆಟ್ಟಿಗೆ ಎಲ್ಲಿ’ ಎನ್ನುವುದಿಲ್ಲ.

ಇದನ್ನು ಬರೆಯುತ್ತಿರುವುದು ತಮ್ಮನ ಮನೆಯ ಹಾಲ್‌ನಲ್ಲಿ, ಮಡಚುವ ಮಂಚದ ಮೇಲೆ. ಅಮ್ಮನನ್ನು ನೋಡಿಕೊಳ್ಳಲೆಂದು ಇಲ್ಲಿಗೆ ಬಂದವಳು ನಾನು. ಅಮ್ಮ ಹೋದಳು. ಅಮ್ಮನ ಕೋಣೆ ಮಕ್ಕಳಿಗೆ ಹೋಯಿತು. ನಾನು ಹಾಲ್‌ನಲ್ಲೇ ಉಳಿದೆ, ಹನ್ನೊಂದು ವರ್ಷ. ಎಲ್ಲರೂ ಟಿವಿ ನೋಡಿ ಮುಗಿಸಿದ ಮೇಲೆ ಮಂಚ ಬಿಚ್ಚಬೇಕು, ಮೊದಲು ಎದ್ದವರು ಎಡವುವ ಮುಂಚೆ ಮಡಚಬೇಕು.

ಮಾರ್ಚ್ 7, ಗುರುವಾರ

ಬ್ಯಾಂಕ್. ಮನೆಯಲ್ಲಿ ಯಾರ್ಯಾರು ಇರ್ತೀರಿ ಎಂದ ಮ್ಯಾನೇಜರ್. ನಾನು ಎಂದೆ. ಮತ್ತೆ? ನಾನೇ. ಪೆನ್ನು ಕೆಳಗಿಟ್ಟ. ಸಣ್ಣದೊಂದು ನೋಡಬಹುದಿತ್ತಲ್ಲ ಎಂದು ನಕ್ಕ. ಅವನ ಮೇಲ್ದವಡೆಯ ಕಟ್ಟುಹಲ್ಲಿನ ಬ್ರಿಡ್ಜ್ ನಾನೇ ಕೂರಿಸಿದ್ದು. ಅದನ್ನೇ ತೋರಿಸಿ ನಗುತ್ತಾನೆ!

ಮೂರು ಜನ ಸಂಸಾರವಂದಿಗರು ಸಾಲಕ್ಕೆ ಕೂತಿದ್ದರು. ಇಷ್ಟು ದೊಡ್ಡದು ಯಾಕೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತಾರೆ. ನನ್ನ ಹತ್ತಿರ ಎರಡೂ ಇವೆ. ಅದನ್ನೇ ಯಾರಿಗೂ ಸಹಿಸಲಾಗುತ್ತಿಲ್ಲ.

ಮಾರ್ಚ್ 27, ಬುಧವಾರ

ರಿಜಿಸ್ಟ್ರೇಷನ್ ಆಯಿತು. ಮನೆ ನನ್ನ ಹೆಸರಿಗೆ. ನನ್ನೊಬ್ಬಳ ಹೆಸರಿಗೆ.

ತಮ್ಮನಿಗೆ ಹೇಳಿದೆ. ಒಳ್ಳೇದಾಯ್ತು, ಬಾಡಿಗೆಗೆ ಕೊಡು, ಕೈಗೆ ನಾಲ್ಕು ಕಾಸು ಬರುತ್ತೆ ಎಂದ. ನಾನೇ ಇರುತ್ತೇನೆ ಎಂದೆ. ಟಿವಿ ಸದ್ದು ಕಡಿಮೆ ಮಾಡಿದ. ನನ್ನ ಮಾತಿಗೆ ಅವನು ಅಷ್ಟು ಗೌರವ ಕೊಟ್ಟದ್ದು ಇದೇ ಮೊದಲು.

ಏಪ್ರಿಲ್ 15, ಸೋಮವಾರ

ರಜೆ ಹಾಕಿದ್ದೆ. ಹೊಸ ಮನೆಯಲ್ಲಿ ಮೊದಲ ವಾರ, ನಿಧಾನಕ್ಕೆ ಎದ್ದು ಕಾಫಿ ಕುಡಿಯೋಣ ಅಂತ. ಬೆಲ್. ಕಟ್ಟಡ ನೋಡಿಕೊಳ್ಳುವ ಹೆಂಗಸು, ಹಿಂದೆ ಆರು ಆಳು, ಅವರ ಹಿಂದೆ ಮೂರನೇ ಮಹಡಿಯ ಸಂಗೀತದ ಮೇಷ್ಟ್ರು.

ಮೇಷ್ಟ್ರ ಪಿಯಾನೋ ಬಂದಿದೆಯಂತೆ. ಬರಲಿ, ನನಗೇನು? ನಿಮ್ಮ ಹಾಲ್ ಮೂಲಕ ಹೋಗಬೇಕು ಅಂದರು.

ಕೇಳಿ ತಲೆ ಕೆಟ್ಟುಹೋಯಿತು. ಕೆಳಗಿನ ಸುರುಳಿ ಮೆಟ್ಟಿಲಲ್ಲಿ ದೊಡ್ಡ ಸಾಮಾನು ಹಿಡಿಸುವುದಿಲ್ಲ. ಹಳೇ ಕಟ್ಟಡ, ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ನನ್ನ ನಡುವಿನ ಕಿಟಕಿಯ ಮೇಲೆ ಒಂದು ತೊಲೆ, ತೊಲೆಗೊಂದು ರಾಟೆ, ರಾಟೆಗೆ ಹಗ್ಗ, ಹಗ್ಗಕ್ಕೊಂದು ಬೀಗ. ಅಲಂಕಾರಕ್ಕೆ ಅಂದುಕೊಂಡಿದ್ದೆ! ಮೇಲಿನ ಮನೆಗಳ ಸೋಫಾ, ಮಂಚ, ಬೀರು ಎಲ್ಲ ಬೀದಿಯಿಂದ ನನ್ನ ಕಿಟಕಿಗೆ ಏರಿ, ನನ್ನ ಹಾಲ್ ದಾಟಿ, ನನ್ನ ಬಾಗಿಲಿಂದ ಹೊರಟು, ಇಲ್ಲಿಂದ ಶುರುವಾಗುವ ಅಗಲದ ಮೆಟ್ಟಿಲಲ್ಲಿ ಮೇಲಕ್ಕೆ. ಹಾಲ್ ಅಷ್ಟು ದೊಡ್ಡದಿರುವುದು ಅದಕ್ಕೆ.

ಪಿಯಾನೋ ಹೋಯಿತು. ಬೀದಿಯವರೆಲ್ಲ ಕತ್ತೆತ್ತಿ ನೋಡಿದರು. ಹೊಸದಾಗಿ ಪಾಲಿಶ್ ಮಾಡಿಸಿದ ನೆಲದ ಮೇಲೆ ಗೀರು. ಮೇಷ್ಟ್ರು ಥ್ಯಾಂಕ್ಸ್ ಹೇಳುತ್ತ ಕೇಳಿದರು — ಮನೇಲಿ ನೀವೊಬ್ಬರೇನಾ?

ರಾಟೆಯ ಬೀಗದ ಕೈಯನ್ನು ಆ ಹೆಂಗಸು ನನ್ನ ಕೈಗಿಟ್ಟಳು. “ಇದು ಯಾವಾಗ್ಲೂ ಈ ಮನೆಯವರ ಹತ್ರಾನೇ ಇರೋದು. ಮೇಲಿನವ್ರಿಗೆ ಇಲ್ಲ ಅನ್ನೋ ಹಾಗಿಲ್ಲ. ಬೇರೆ ಯಾರಿಗಾದ್ರೂ ನಿಮ್ಮಿಷ್ಟ ಅಮ್ಮಾ.”

ಬ್ರೋಕರ್‌ಗೆ ಫೋನ್ ಮಾಡಿ ಉಗಿದೆ. ನೀವು ಕೇಳಲಿಲ್ಲವಲ್ಲ ಮೇಡಂ ಅಂತಾನೆ. ಹಾಲ್ ಮೂಲಕ ದಿಬ್ಬಣ ಹೋಗುತ್ತಾ ಅಂತ ಮನೆ ಕೊಳ್ಳುವವರು ಕೇಳಬೇಕಿತ್ತೇ? ಹಾಲ್‌ನಿಂದ ತಪ್ಪಿಸಿಕೊಂಡು ಬಂದರೆ ಇನ್ನೂ ದೊಡ್ಡ ಹಾಲ್!

ಏಪ್ರಿಲ್ 16

ಕೋಪ ಇಳಿದಿಲ್ಲ. ಆದರೆ ಇವತ್ತು ನನ್ನ ಮಂಚವೂ ಅದೇ ರಾಟೆಯಲ್ಲಿ ಬಂತು. ತೇಗದ್ದು, ಇಬ್ಬರು ಮಲಗುವಷ್ಟು ಅಗಲ. ಅಡ್ಡಡ್ಡ ಮಲಗಿದೆ. ಬೆಳಿಗ್ಗೆ ಅದನ್ನು ಮಡಚಬೇಕಾಗಿಲ್ಲ.

ಏಪ್ರಿಲ್ 28, ಭಾನುವಾರ

ತಮ್ಮ ಬಂದಿದ್ದ, ಹೆಂಡತಿ ಮಕ್ಕಳ ಸಮೇತ. ಅವಳು ಕೋಣೆ ಕೋಣೆ ತಿರುಗಿ ಗೋಡೆಗಳನ್ನು ಗೇಣಿನಲ್ಲಿ ಅಳೆದಳು. ಏನಕ್ಕೆ ಅಂತ ಆಗಲೇ ಹೊಳೆಯಬೇಕಿತ್ತು. ಹೊರಡುವ ಹೊತ್ತಿಗೆ ತಮ್ಮ ಬಾಯಿಬಿಟ್ಟ. ಅವರ ಮನೆ ಬಾಡಿಗೆಗೆ ಕೊಟ್ಟು ಇಲ್ಲಿಗೇ ಬರುತ್ತಾರಂತೆ.

“ನಿನಗೂ ಜೊತೆ ಆಗುತ್ತೆ ಅಕ್ಕಾ. ಒಬ್ಬಳೇ ಇಷ್ಟು ದೊಡ್ಡ ಮನೇಲಿ ಏನು ಮಾಡ್ತೀಯ?”

ಮಲಗ್ತೀನಿ ಕಣೋ ಎನ್ನಬೇಕಿತ್ತು. ‘ನೋಡೋಣ’ ಎಂದೆ. ಛೀ.

ಮೇ 3, ಶುಕ್ರವಾರ

ಬಾಡಿಗೆಗೆ ಜನ ಸಿಕ್ಕಿದರಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಊರಿನವರ ಹಲ್ಲನ್ನೆಲ್ಲ ಅಲ್ಲಾಡಿಸುವವಳಿಗೆ ತಮ್ಮನ ಮುಂದೆ ನಾಲಿಗೆ ಅಲ್ಲಾಡುವುದಿಲ್ಲ. ಫೋನ್ ಕೈಗೆತ್ತಿಕೊಂಡೆ... ಇಟ್ಟೆ.

ಮೇ 12, ಭಾನುವಾರ. ಬೆಳಿಗ್ಗೆ 11

ಕೆಳಗೆ ಲಾರಿ. ಇವತ್ತು ಬರುತ್ತೇವೆ ಅಂತ ಹೇಳಿಯೂ ಇರಲಿಲ್ಲ. ಕನ್ನಡಿಯ ಮೂರು ಬಾಗಿಲ ಬೀರು, ಡಬಲ್ ಕಾಟ್, ಮಕ್ಕಳ ಮೇಜು. ತಮ್ಮ ಮೆಟ್ಟಿಲಲ್ಲಿ ಬೀರು ತುರುಕಲು ನೋಡಿ ಬೆವೆತು ನಿಂತಿದ್ದಾನೆ. ಕಟ್ಟಡದ ಹೆಂಗಸು ರಾಟೆ ತೋರಿಸಿದಳು. ಅವಳ ಧ್ವನಿ ಇಲ್ಲಿಗೆ ಕೇಳಿತು. ಬೀಗದ ಕೈ ಎರಡನೇ ಮಹಡಿ ಅಮ್ಮನ ಹತ್ರ, ಅವರಿಷ್ಟ.

11.20

ಕಿಟಕಿಯಿಂದ ಇಣುಕಿದೆ. ಲಾರಿಯ ತುದಿಯಲ್ಲಿ ಹಗ್ಗ ಬಿಗಿದು ಕಟ್ಟಿದ್ದೇನದು? ನನ್ನ ಹಳೇ ಮಡಚುವ ಮಂಚ. ಅದು ಯಾಕೋ ಎಂದು ಕೂಗಿದೆ.

“ನಿನಗೇ ಅಕ್ಕಾ. ದೊಡ್ಡ ಕೋಣೆ ನಮಗೆ, ಸಣ್ಣದು ಮಕ್ಕಳಿಗೆ. ನಿನಗೆ ಹೇಗೂ ಹಾಲ್ ಅಭ್ಯಾಸ ಅಲ್ವಾ? ಹಗ್ಗ ಬಿಡು.”

ನಗುನಗುತ್ತ ಹೇಳಿದ. ಕೆಟ್ಟವನೇನಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ನಾನೂ ಒಂದು ಕೋಣೆಯಲ್ಲಿ ಮಲಗುವ ಪ್ರಾಣಿ ಅಂತ ಹನ್ನೊಂದು ವರ್ಷದಲ್ಲಿ ಅವನ ತಲೆಗೆ ಬಂದೇ ಇಲ್ಲ.

“ಬಿಡಲ್ಲ ಕಣೋ. ಈ ಮನೆ ನನಗೆ ಅಂತ ತಗೊಂಡಿದ್ದು. ನನ್ನೊಬ್ಬಳಿಗೇ. ಇಷ್ಟು ದೊಡ್ಡದೇ ಬೇಕಿತ್ತು.”

ಪಿಟೀಲು ನಿಂತಿತು. ಹಣ್ಣಿನವಳು ತಕ್ಕಡಿ ಹಿಡಿದಂತೆಯೇ ನಿಂತಳು. ತಮ್ಮ ಮೆಲ್ಲಗೆ, ಜನ ನೋಡ್ತಿದ್ದಾರೆ ಅಕ್ಕಾ ಎಂದ. ನೋಡಲಿ. ಪಿಯಾನೋ ನೋಡಲಿಲ್ಲವೇ?

ಕಿಟಕಿ ಹಾಕಿದೆ. 

11.45

ಬಾಗಿಲು ಬಡಿಯುತ್ತಿದ್ದಾರೆ. ಮೊದಲು ತಮ್ಮ, ಆಮೇಲೆ ಅವನ ಹೆಂಡತಿ, ಈಗ ಇಬ್ಬರೂ. ದೊಡ್ಡ ಕೋಣೆಗೆ ಬಂದೆ. ಬೀಗದ ಕೈ ಸೆರಗಿನ ಗಂಟಿನಲ್ಲಿದೆ. ಹಿತ್ತಾಳೆಯ ಚಿಲಕವನ್ನೂ ಹಾಕಿ, ಮಂಚದ ನಟ್ಟನಡುವೆ ಕಾಲು ಚಾಚಿ ಮಲಗಿದ್ದೇನೆ.