ಹೊಸ ಗ್ರಾಹಕರಿಗೆ ಮಾತ್ರ

ಮಾರ್ಚ್ 3, ಬೆಳಿಗ್ಗೆ 8.10

ಔಷಧಿ ಆಪ್‌ನಲ್ಲಿ ಮತ್ತೆ ಅದೇ ಕೆಂಪು ಅಕ್ಷರ — 'ಈ ಕೂಪನ್ ಹೊಸ ಗ್ರಾಹಕರಿಗೆ ಮಾತ್ರ'. ನನ್ನ ನಂಬರ್ ಹಳೆಯದಾಯಿತು, ಅಕ್ಕನದೂ ಆಯಿತು. ಮಹಡಿ ಮೇಲಿನ ಟೀಚರ್ ನಂಬರ್ ಜನವರಿಗೆ, ಲಾಂಡ್ರಿ ಓನರ್‌ದು ಫೆಬ್ರವರಿಗೆ ಮುಗಿಯಿತು. ಮೊದಲ ಆರ್ಡರ್‌ಗೆ ಅರ್ಧಕ್ಕರ್ಧ ಬಿಡುತ್ತಾರೆ, ಎರಡನೆಯದಕ್ಕೆ ಮೂಸಿಯೂ ನೋಡುವುದಿಲ್ಲ. ಹಾಗಾಗಿ ತಿಂಗಳು ತಿಂಗಳೂ ಹೊಸಬಳಾಗಬೇಕು.

ಈ ಸಲ ಇಸ್ತ್ರಿ ಅಣ್ಣ. ಲಾಂಡ್ರಿಯಲ್ಲಿ ನಾನು ಮುಂದೆ ಕೌಂಟರ್, ಅವನು ಹಿಂದಿನ ಕೋಣೆ. "ಓಟಿಪಿ ಬರುತ್ತೆ, ಹೇಳ್ಬಿಡಿ ಸಾಕು" ಎಂದೆ. ಕನ್ನಡಕ ಹಣೆಗೇರಿಸಿ, ಫೋನ್ ಮೂಗಿಗೆ ಹಿಡಿದು ಒಂದೊಂದೇ ಅಂಕಿ ಓದಿದ. ಯಾಕೆ, ಏನು — ಕೇಳಲಿಲ್ಲ. ಅಕ್ಕನ ಒಂದು ತಿಂಗಳ ಮಾತ್ರೆ ಆರ್ಡರ್ ಆಯಿತು.

ಮಾರ್ಚ್ 6

ಪಾರ್ಸೆಲ್ ಬಂತು. ಅಕ್ಕ ಪದಬಂಧ ಬಿಟ್ಟು ಎದ್ದು ಮೇಲಿನ ಹೆಸರು ಓದಿದಳು. "ಓ, ಈ ತಿಂಗಳು ನಾನು ಗಂಡಸು."

ಆಮೇಲೆ ಗೊಣಗಾಟ. "ಮೂಲೆ ಮೆಡಿಕಲ್‌ನವ್ನು ನನ್ನ ಕಂಡ್ರೆ ಮುಖ ತಿರುಗಿಸ್ತಾನೆ ಕಣೇ. ಆಪರೇಷನ್ ಆದಾಗಿಂದ ಅವನ ಹತ್ರಾನೇ ತಗೋತಿದ್ವಿ."

"ಅವನು ಕೂಪನ್ ಕೊಡ್ತಾನಾ?"

"ಕೂರೋಕೆ ಸ್ಟೂಲ್ ಕೊಡ್ತಾನೆ."

ಬಾಯಲ್ಲಿ ಅವಳನ್ನು ಗೆದ್ದವರಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಆ ಬಾಯೇ. ಹೃದಯದ ಕವಾಟ ಬದಲಾಯಿಸಿ ಆರು ವರ್ಷ. ರಕ್ತ ಹೆಪ್ಪುಗಟ್ಟದಿರಲು ದಿನಕ್ಕೊಂದು ಮಾತ್ರೆ, ಸಾಯುವ ತನಕ.

ದುಡ್ಡಿಲ್ಲ ಅಂತಲ್ಲ. ಪೂರ್ತಿ ಬೆಲೆ ಕೊಟ್ಟೂ ತರಬಹುದು. ಆದರೆ ಕೂಪನ್ ಹಚ್ಚಿದಾಗ ಬೆಲೆ ಅಡ್ಡಗೆರೆ ಎಳೆಸಿಕೊಂಡು ಕೆಳಗಿಳಿಯುತ್ತದಲ್ಲ... ದಿನವಿಡೀ ಗಿರಾಕಿಗಳಿಂದ ಬೈಸಿಕೊಂಡವಳಿಗೆ ಅಷ್ಟಾದರೂ ಗೆಲುವು ಬೇಕು.

ಮಾರ್ಚ್ 12, ಮಧ್ಯಾಹ್ನ

ಇಸ್ತ್ರಿ ಅಣ್ಣ ಫೋನ್ ಹಿಡಿದುಕೊಂಡು ಕೌಂಟರಿಗೆ ಬಂದ. "ಮೇಡಂ, ಆ ಔಷಧಿ ಆಪ್‌ನವ್ರು ಪ್ರಾಣ ತಿಂತಿದ್ದಾರೆ. ನಿನ್ನೆ ಒಂದೇ ದಿನ ಹನ್ನೊಂದು ಮೆಸೇಜು. ಮಂಡಿಗೆ ಎಣ್ಣೆ, ಮಕ್ಕಳಿಗೆ ಡೈಪರ್. ನನ್ನ ತಲೆಗೆ ಶಾಂಪೂ ಬೇರೆ." ಬೋಳುತಲೆ ಬಗ್ಗಿಸಿ ತೋರಿಸಿದ. ನಗು ತಡೆಯಲಾಗಲಿಲ್ಲ.

ಬ್ಲಾಕ್ ಮಾಡಿಕೊಟ್ಟೆ. ಮೆಸೇಜು, ಕಾಲ್, ಎರಡೂ.

"ಪುಣ್ಯ ಕಟ್ಕೊಂಡ್ರಿ" ಎಂದ.

ಮಾರ್ಚ್ 17

ಅಕ್ಕನಿಗೆ ಬಲಗೈ ಜೋಮು. ಪದಬಂಧದ ಪೆನ್ನು ಎರಡು ಸಲ ಜಾರಿತು. ಅಡ್ಡಾದಿಡ್ಡಿ ಮಲಗಿದರೆ ಇನ್ನೇನಾಗುತ್ತದೆ ಎಂದು ಬೈದೆ. ಸಂಜೆಗೆ ಸರಿಹೋಯಿತು.

ಏಪ್ರಿಲ್‌ಗೆ ಯಾರ ನಂಬರ್? ಟೀಚರ್ ಗಂಡ...

ಮಾರ್ಚ್ 24, ಆಸ್ಪತ್ರೆ

ಶನಿವಾರ ಬಿದ್ದಳು. ಬಚ್ಚಲ ಬಾಗಿಲಲ್ಲಿ. ಕಣ್ಣು ತೆರೆದೇ ಇತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಏನೋ ಹೇಳಿದಳು, ಮಾತಾಗಿರಲಿಲ್ಲ.

ಸ್ಟ್ರೋಕ್. ರಕ್ತದ ಹೆಪ್ಪು ಮೆದುಳಿಗೆ ಹೋಗಿದೆ. ಬಲಭಾಗಕ್ಕೆ ಸ್ವಾಧೀನ ಇಲ್ಲ, ಮಾತಿಲ್ಲ. "ಕೇಳಿಸುತ್ತೆ, ಎಲ್ಲ ಅರ್ಥ ಆಗುತ್ತೆ" ಎಂದರು ಡಾಕ್ಟರ್. ಮಾತು ಬರುತ್ತದಾ ಎಂದೆ. ಫೈಲು ನೋಡಿದರು.

ಮಾರ್ಚ್ 26

ಡಾಕ್ಟರ್ ಮಾತ್ರೆಯ ಸ್ಟ್ರಿಪ್ ತರಲು ಹೇಳಿದ್ದರು. ತಿರುಗಿಸಿ ಹಿಂಬದಿಯ ಬ್ಯಾಚ್ ನಂಬರ್ ನೋಡಿದರು.

"ಇದನ್ನ ಯಾವತ್ತಿಂದ ಕೊಡ್ತಿದ್ದೀರಿ?"

"ಎಂಟನೇ ತಾರೀಖಿಂದ."

"ಈ ಬ್ಯಾಚ್ ವಾಪಸ್ ತಗೊಂಡಿದ್ದಾರೆ. ಔಷಧಿ ಅಂಶ ಇರಬೇಕಾದ್ದಕ್ಕಿಂತ ತುಂಬ ಕಡಿಮೆ ಇದೆ. ಕೊಂಡವರಿಗೆಲ್ಲ ಮೆಸೇಜ್ ಹೋಗಿದೆ, ಫೋನೂ ಮಾಡಿದ್ದಾರೆ. ನಿಮಗೆ ಬರಲಿಲ್ವಾ?"

ಇಲ್ಲ ಎಂದೆ. ಸುಳ್ಳಲ್ಲ. ನನಗೆ ಬರಲಿಲ್ಲ.

ಮಾರ್ಚ್ 27

ಇಸ್ತ್ರಿ ಅಣ್ಣನ ಫೋನ್ ಕೇಳಿದೆ. ಕೊಟ್ಟ. ಬ್ಲಾಕ್ ಆದ ಮೆಸೇಜುಗಳು ಒಂದು ಕಡೆ ಗುಡ್ಡೆ ಬಿದ್ದಿರುತ್ತವೆ. ಶಾಂಪೂ, ಎಣ್ಣೆ, ಇಂದೇ ಕೊನೆಯ ದಿನ, ಶಾಂಪೂ. ನಡುವೆ ಅದು. ಮಾರ್ಚ್ 14. 'ತಕ್ಷಣ ನಿಲ್ಲಿಸಿ, ವೈದ್ಯರನ್ನು ಕಾಣಿರಿ.' ಎರಡು ಕಾಲ್, ಅದೇ ದಿನ. ಏಳು ದಿನ ಇತ್ತು ನನ್ನ ಕೈಯಲ್ಲಿ. ಜೋಮು ಎಂದ ದಿನವಾದರೂ ಗೊತ್ತಾಗಿದ್ದರೆ ನಾಲ್ಕು ದಿನ.

"ಏನ್ ಮೇಡಂ ಅದು?" ಎಂದ ಭುಜದ ಮೇಲಿಂದ. ಓದಿದ, ಒಂದೊಂದೇ ಪದ, ಓಟಿಪಿ ಓದಿದ ಹಾಗೇ. ಹಿಂದಿನ ಕೋಣೆಗೆ ಹೋದವನು ಇಸ್ತ್ರಿಪೆಟ್ಟಿಗೆ ಮುಟ್ಟಲಿಲ್ಲ.

ಟೀಚರ್ ಹೇಳಿದರು — ಮೂಲೆ ಮೆಡಿಕಲ್‌ನವನು ಗಿರಾಕಿಗಳ ಮನೆಮನೆಗೆ ಹೋಗಿ ಸ್ಟ್ರಿಪ್ ವಾಪಸ್ ತಂದನಂತೆ. ನಮ್ಮ ಬಾಗಿಲು ದಾಟಿಕೊಂಡೇ ಹೋಗಿರಬೇಕು.

ಮಾರ್ಚ್ 29, ಸಂಜೆ 5

ಬರೆಯಲು ಹೇಸಿಗೆಯಾಗುತ್ತದೆ. ಬರೆಯುತ್ತೇನೆ.

ಇಸ್ತ್ರಿ ಅಣ್ಣ ಆಸ್ಪತ್ರೆಗೆ ಬಂದ. ಗರಿಗರಿ ಅಂಗಿ. ಮಂಚದ ಪಕ್ಕ ನಿಂತು ಕೈಮುಗಿದ. "ಅಮ್ಮ, ಮೆಸೇಜ್ ನನ್ನ ಫೋನಿಗೆ ಬಂದಿತ್ತು. ಬ್ಲಾಕ್ ಆಗಿತ್ತು. ನಾನು ನೋಡ್ಲಿಲ್ಲ. ನನ್ನಿಂದ ಹೀಗಾಯ್ತು." ಅತ್ತ.

ಬ್ಲಾಕ್ ಆಗಿತ್ತು ಎಂದ. ಯಾರು ಮಾಡಿದ್ದು ಎನ್ನಲಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ — ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತಾ ನಿಂತಿದ್ದೆ. ಮಾತು ಹೋದದ್ದು ಅಕ್ಕನಿಗೆ, ಮೂಗಿ ನಾನು.

ಅಕ್ಕ ಅವನನ್ನೇ ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿದಳು. ಅವನು ಇನ್ನೂ ಕೈಮುಗಿದೇ ಇದ್ದ.

ಅವನು ಹೋದ ಮೇಲೆ ಅಕ್ಕ ಎಡಗೈಯಿಂದ ನನ್ನ ಕೆನ್ನೆ ಸವರಿದಳು. ನನಗೆ ಸಮಾಧಾನ ಮಾಡುತ್ತಿದ್ದಾಳೆ.

ಮಾರ್ಚ್ 31

ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಆಫರ್ ಕೇಳಿಸಿದರು, ಆಮೇಲೆ ಒಬ್ಬ ಹುಡುಗಿ. ನೋಂದಾಯಿಸಿದ ಗ್ರಾಹಕರ ಜೊತೆ ಮಾತ್ರ ಮಾತಾಡುತ್ತಾರಂತೆ. ರೋಗಿಯ ತಂಗಿ ಎಂದೆ. ಅಕ್ಕನ ಹೆಸರು ಕೊಟ್ಟೆ. ಹುಡುಕಿದಳು.

"ಇವ್ರು ನಮ್ಮ ಹತ್ರ ಒಂದೇ ಸಲ ತಗೊಂಡಿದ್ದಾರೆ ಮೇಡಂ, ಹೋದ ವರ್ಷ. ಆ ಬ್ಯಾಚ್ ಇವ್ರಿಗೆ ಹೋಗೇ ಇಲ್ಲ."

ಅವಳ ತಪ್ಪೇನೂ ಇಲ್ಲ. ಅಕ್ಕನ ಹೆಸರು ಅಲ್ಲಿಂದ ಅಳಿಸಿದ್ದು ನಾನೇ.

ಏಪ್ರಿಲ್ 1

ಇಸ್ತ್ರಿ ಅಣ್ಣ ಕೆಲಸಕ್ಕೆ ಬಂದಿಲ್ಲ, ಮೂರು ದಿನವಾಯಿತು. "ಅವನ ಫೋನಿಂದಲೇ ಹೀಗಾಗಿದ್ದಂತೆ, ಹೌದಾ?" ಎಂದರು ಓನರ್. ಹೂಂ ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ.

ನಾಳೆ ಅಕ್ಕನಿಗೆ ಹೇಳಿಬಿಡಬೇಕು.

ಏಪ್ರಿಲ್ 2, ಸಂಜೆ 6.30

ಹೇಳಿದೆ.

ಅವಳ ಎಡಗೈ ನನ್ನ ಕೈಯಲ್ಲಿತ್ತು. "ಅಕ್ಕ, ಅವನದಲ್ಲ ತಪ್ಪು. ಬ್ಲಾಕ್ ಮಾಡಿದ್ದು ನಾನು. ನನ್ನ ಕೈಯಾರೆ. ಅವತ್ತು ಅವನು ಅಳ್ತಾ ಇದ್ದಾಗಲೂ ಸುಮ್ನಿದ್ದೆ." ಪೂರ್ತಿ ಕೇಳಿದಳು. ಕಣ್ಣು ಮಿಟುಕಿಸದೆ. ಬೈಗುಳಕ್ಕೆ ಕಾದೆ — ಬರುವುದಿಲ್ಲ ಎಂದು ಗೊತ್ತಿದ್ದೂ ಕಾದೆ. ಒಂದೇ ಒಂದು ಬೈಗುಳ ಬಂದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ.

ಅಕ್ಕ ಕೈ ಬಿಡಿಸಿಕೊಂಡಳು. ಹೊದಿಕೆಯೊಳಗೆ ಇಟ್ಟುಕೊಂಡಳು.

ನರ್ಸ್ ಬಿಪಿ ನೋಡಲು ಬಂದಳು. ಅಕ್ಕ ಅವಳತ್ತ ಕೈ ಚಾಚಿದಳು. ಅವಳು ಹೋದ ಕೂಡಲೇ ಮತ್ತೆ ಒಳಗೆ.

"ನಾಳೆ ಬರ್ತೀನಿ" ಎಂದೆ. ಕಿಟಕಿ ನೋಡುತ್ತಿದ್ದಳು. ನಾಳೆ ನಾಲ್ಕಕ್ಕೆ ನೋಡಲು ಒಳಗೆ ಬಿಡುತ್ತಾರೆ. ಒಗೆದ ನೈಟಿ ಒಯ್ಯಬೇಕು. ಬಾಗಿಲಲ್ಲಿ ನನ್ನನ್ನು ಕಂಡು ಅವಳು ಕೈ ಹೊರಗೆ ತೆಗೆಯುತ್ತಾಳೋ ಇಲ್ಲವೋ.